ಶಾಮಿಯಾನದವನ ವಂದನಾರ್ಪಣೆ

"ಗುರುಗಳೇ, ಮನೆಯವರು ನನಗಾಗಿ ಮಾಡಿದ್ದನ್ನೆಲ್ಲ ಯಾವ ಮಾತಿನಲ್ಲಿ ಹೇಳಿ ಮುಗಿಸಲಿ?" ಎಂದು ಶಿಷ್ಯ ಕೇಳಿದ.

ಅವನ ಕೈಯಲ್ಲಿ ಹನ್ನೊಂದು ಹಾಳೆಗಳಿದ್ದವು. ಎರಡೂ ಬದಿ ಬರೆದಿದ್ದ. ಜಾಗ ಸಾಲದೆ ಅಂಚಿನಲ್ಲೂ ಬರೆದಿದ್ದ.

ಅಂದು ಅವನ ಓದು ಮುಗಿದು ಗುರುಗಳು ಅವನಿಗೆ ಶಾಲು ಹೊದಿಸುವ ದಿನ. ಅಪ್ಪ, ಅವ್ವ, ಇಬ್ಬರು ಅಕ್ಕಂದಿರು, ಸೋದರಮಾವ, ಮಾವನ ಕೊಡೆ, ಎಲ್ಲರೂ ಹತ್ತು ಗಂಟೆಯ ಬಸ್ಸಿಗೆ ಬರುವವರಿದ್ದರು. ಈ ಶಿಷ್ಯ ಎರಡು ಸಲ ಫೇಲಾದವನು. ಒಂದು ಸಲ ಓಡಿಯೂ ಹೋದವನು. ಫೇಲಾದ ದಿನ ಅವ್ವ ಹೋಳಿಗೆ ಮಾಡಿದ್ದಳು. ಪಾಸಾದವರ ಮನೆಯಲ್ಲಿ ಮಾತ್ರ ಬೇಳೆ ಬೇಯಬೇಕೆಂದು ಎಲ್ಲಿ ಬರೆದಿದೆ ಎಂದು ಕೇಳಿದ್ದಳು. ಓಡಿಹೋದ ದಿನ ಮಾವ ಮೂರು ಊರು ಹುಡುಕಿದ್ದ. ಸಿಕ್ಕಿದ ಮೇಲೆ ಮೊದಲು ಎರಡು ದೋಸೆ ಕೊಡಿಸಿ, ಕೈ ತೊಳೆದು ಬಂದ ನಂತರವೇ ಬೈದಿದ್ದ. ಇದನ್ನೆಲ್ಲ ಇಂದಿನ ಸಭೆಯಲ್ಲಿ ಓದಿ ಹೇಳಬೇಕೆಂಬುದು ಶಿಷ್ಯನ ಆಸೆ. ಈ ದಿನ ತಪ್ಪಿದರೆ ಮತ್ತೆಂದೂ ಹೇಳಲಾರೆನೆಂಬುದು ಅವನ ಭಯ.

ಗುರುಗಳು ಮಧ್ಯಾಹ್ನದ ಊಟಕ್ಕೆ ಅವರೆಕಾಯಿ ಬಿಡಿಸುತ್ತಿದ್ದರು.

"ಮೊದಲ ಸಾಲು ಓದು" ಎಂದರು.

ಶಿಷ್ಯ ಗಂಟಲು ಸರಿಮಾಡಿಕೊಂಡ. "ಪ್ರಾತಃಸ್ಮರಣೀಯರೂ ತ್ಯಾಗಮೂರ್ತಿಗಳೂ ಕರುಣಾಸಾಗರರೂ ಆದ..."

"ಯಾರಪ್ಪಾ ಇದು?"

"ನಮ್ಮ ಅಪ್ಪ."

"ಅವರಿಗೆ ಗೊತ್ತೇ?"

ಗುರುಗಳು ಬುಟ್ಟಿಯನ್ನು ಇಬ್ಬರ ನಡುವೆ ಸರಿಸಿದರು. ಹಾಳೆಗಳನ್ನು ಕೆಳಗಿಡದೆ ಅವರೆಕಾಯಿ ಬಿಡಿಸಲು ಬರುವುದಿಲ್ಲ. ಶಿಷ್ಯ ಹಾಳೆಗಳನ್ನು ಕೆಳಗಿಟ್ಟ. ಗುರುಗಳು ಕತೆ ಹೇಳಿದರು.

ಒಂದು ಊರಿನಲ್ಲಿ ಒಬ್ಬ ಶಾಮಿಯಾನದವನಿದ್ದ. ಶಾಮಿಯಾನ, ಕುರ್ಚಿ, ದೊಡ್ಡ ಪಾತ್ರೆಗಳು, ಮೈಕ್ ಸೆಟ್ಟು, ಇಷ್ಟು ಅವನ ಸಾಮಾನು. ಅವ್ವ, ಹೆಂಡತಿ ಹಾಲಮ್ಮ, ತಮ್ಮ ತಿಪ್ಪೇಶಿ, ತಂಗಿ ಗಂಗಿ, ಇಷ್ಟು ಅವನ ಜನ. ಕೆಲಸಕ್ಕೆ ಹೊರಗಿನವರು ಯಾರೂ ಇರಲಿಲ್ಲ.

ಊರಿನಲ್ಲಿ ಯಾರು ಹುಟ್ಟಲಿ, ಯಾರು ಮದುವೆಯಾಗಲಿ, ಯಾರು ಸಾಯಲಿ, ಯಾರು ಸಂಘದ ಅಧ್ಯಕ್ಷರಾಗಲಿ, ಶಾಮಿಯಾನ ಇವನದೇ. ಬಟ್ಟೆ ಒಂದೇ. ಮದುವೆಗೆ ಅದಕ್ಕೆ ಝಾಲರಿ ಕಟ್ಟುತ್ತಿದ್ದ, ಸಾವಿಗೆ ಬಿಚ್ಚುತ್ತಿದ್ದ. ಅಧ್ಯಕ್ಷರಿಗೆ ಎರಡು ಝಾಲರಿ ಬೇಕಾಗುತ್ತಿತ್ತು.

ಅವರ ಕೆಲಸಕ್ಕೆ ಒಂದು ಕ್ರಮವಿತ್ತು. ಇಲ್ಲಿ ಸಭೆ ಮುಗಿಯುವ ಹೊತ್ತಿಗೆ ಇನ್ನೆಲ್ಲೋ ಇನ್ನೊಬ್ಬರು ಶಾಮಿಯಾನಕ್ಕೆ ಕಾಯುತ್ತಿರುತ್ತಾರೆ. ಆದ್ದರಿಂದ ಸಭೆ ಮುಗಿಯುವುದು ಎಲ್ಲರಿಗಿಂತ ಮೊದಲು ಇವರ ಕಿವಿಗೆ ಗೊತ್ತಾಗಬೇಕು. ಸ್ವಾಗತ ಭಾಷಣದ ಹೊತ್ತಿಗೆ ಮನೆಯವರೆಲ್ಲ ಚಹಾ ಕುಡಿಯುತ್ತಿದ್ದರು. ಅಧ್ಯಕ್ಷರ ಭಾಷಣದ ಹೊತ್ತಿಗೆ ನಿದ್ದೆ ಮಾಡುತ್ತಿದ್ದರು. ಯಾರಾದರೂ ವಂದನಾರ್ಪಣೆಗೆ ಮೈಕ್ ಹಿಡಿದರೆ ಸಾಕು, ಎಲ್ಲರಿಗೂ ಒಟ್ಟಿಗೇ ಎಚ್ಚರ. 'ಕೊನೆಯದಾಗಿ' ಅಂದರೆ ಒಬ್ಬೊಬ್ಬರು ಒಂದೊಂದು ಮೂಲೆಗೆ. 'ಹೃತ್ಪೂರ್ವಕ' ಅಂದರೆ ಕೈ ಹಗ್ಗದ ಮೇಲೆ. 'ವಂದನೆಗಳು' ಅಂದರೆ ಗಂಟು ಬಿಚ್ಚು. ಜನ ಚಪ್ಪಾಳೆ ತಟ್ಟಿ, ಹೊರಗೆ ಬಂದು, ಚಪ್ಪಲಿ ಹುಡುಕಿ ತಿರುಗಿ ನೋಡುವಷ್ಟರಲ್ಲಿ ಹಿಂದೆ ಶಾಮಿಯಾನ ಇರುತ್ತಿರಲಿಲ್ಲ.

ವರ್ಷಗಟ್ಟಲೆ ಹೀಗೆ ನಡೆದು ನಡೆದು ಆ ಮಾತು ಅವರ ಮನೆಯೊಳಗೂ ಬಂದುಬಿಟ್ಟಿತ್ತು. ಸಾರು ಖಾಲಿಯಾದರೆ ಹಾಲಮ್ಮ, "ಸಾರಿಗೆ ವಂದನಾರ್ಪಣೆ ಆಯ್ತು" ಅನ್ನುತ್ತಿದ್ದಳು. ಚಪ್ಪಲಿ ಕಿತ್ತುಹೋದರೆ ತಿಪ್ಪೇಶಿ, "ಇದಕ್ಕೂ ವಂದನೆ" ಎಂದು ಬೇಲಿಗೆ ಎಸೆಯುತ್ತಿದ್ದ. ಪಕ್ಕದ ಮನೆಯ ಮುದುಕಿಗೆ ಸೀರಿಯಸ್ ಆದಾಗ ಅವ್ವ ನೋಡಿಕೊಂಡು ಬಂದು, "ಇನ್ನೂ ಇಲ್ಲ, ಸ್ವಾಗತ ಭಾಷಣವೇ ನಡೀತಾ ಇದೆ" ಅಂದಿದ್ದಳು. ಮುದುಕಿ ಆಮೇಲೆ ಆರು ವರ್ಷ ಬದುಕಿದಳು.

ಒಂದು ದಿನ ಶಾಮಿಯಾನದವನು ಒಂದು ನಾಮಕರಣಕ್ಕೆ ಬಟ್ಟೆ ಕಟ್ಟುವಾಗ ಏಣಿಯ ಮೇಲಿಂದ ಬಿದ್ದ. ತೊಡೆಯ ಮೂಳೆ ಮುರಿಯಿತು. ಹತ್ತು ತಿಂಗಳು ಮಂಚ ಹಿಡಿದ.

ಆ ಹತ್ತು ತಿಂಗಳು ಊರಿನಲ್ಲಿ ಒಂದೇ ಒಂದು ಸಭೆಯೂ ಬಿಸಿಲಿನಲ್ಲಿ ನಡೆಯಲಿಲ್ಲ. ತಿಪ್ಪೇಶಿಗೆ ಎತ್ತರವೆಂದರೆ ಭಯ. ಮೂರನೇ ಮೆಟ್ಟಿಲಿಗೆ ಕಣ್ಣು ಕತ್ತಲೆ ಬರುತ್ತಿತ್ತು. ಆದ್ದರಿಂದ ಅವನು ಎರಡನೇ ಮೆಟ್ಟಿಲಿನಲ್ಲೇ ಕಣ್ಣು ಮುಚ್ಚಿಕೊಂಡು ಹತ್ತುತ್ತಿದ್ದ. ಆ ವರ್ಷ ಊರಿನ ಶಾಮಿಯಾನಗಳೆಲ್ಲ ಒಂದು ಕಡೆಗೆ ವಾಲಿದ್ದವು. ಜನ ಹೊಸ ಫ್ಯಾಷನ್ ಅಂದುಕೊಂಡರು. ಹಾಲಮ್ಮ ಮೈಕ್ ಕೆಲಸ ಕಲಿತಳು. ಮೈಕ್ ಹಾಳಾದರೆ ಬೇರೆಯವರು ಊದುತ್ತಾರೆ, ಇವಳು ಬೈಯುತ್ತಿದ್ದಳು. "ಹಲೋ ಹಲೋ, ಮಾತಾಡ್ತೀಯೋ ಇಲ್ವೋ?" ಅಂದರೆ ಅದು ಮಾತಾಡುತ್ತಿತ್ತು. ಅವ್ವ ಪಾತ್ರೆಗಳ ನಡುವೆ ಕೂತು, ಒಂದು ಸೌಟೂ ಕಳೆಯದಂತೆ ನೋಡಿಕೊಂಡಳು.

ಗಂಗಿಯದು ಬೇರೆಯೇ ಕೆಲಸ. ಅಣ್ಣನನ್ನು ನಡೆಸುವುದು ಅವಳ ಪಾಲಿಗೆ ಬಂತು. ಡಾಕ್ಟರು, ನಡೆಯಪ್ಪಾ ಅಂದರೆ ಅಣ್ಣ ಗೋಡೆಗೆ ತಿರುಗಿ ಮಲಗುತ್ತಿದ್ದ. ಅವ್ವ ಅತ್ತರೂ ಏಳಲಿಲ್ಲ. ಆಗ ಗಂಗಿ ಅವನ ಎಲೆಯಡಿಕೆ ಚಂಚಿಯನ್ನು ತೆಗೆದುಕೊಂಡು ಹೋಗಿ ಬಾಗಿಲ ಬಳಿ ಇಟ್ಟಳು.

"ಲೇ ಗಂಗೀ, ಚಂಚಿ ಕೊಡೇ!"

"ಅಲ್ಲೇ ಇದೆ ಕಣಣ್ಣಾ. ಬಂದು ತಗೋ."

"ಕಾಲು ಸರಿಯಾಗಲಿ, ನಿನಗೆ ಮಾಡ್ತೀನಿ!"

"ಅದಕ್ಕೇ ಕಾಯ್ತಾ ಇದ್ದೀನಿ."

ಅವನು ಮೂರು ದಿನ ಬೈದ. ನಾಲ್ಕನೇ ದಿನ ಎದ್ದ. ಬಾಗಿಲವರೆಗೆ ಹೋದ. ಮಾರನೇ ದಿನ ಚಂಚಿ ಅಂಗಳದಲ್ಲಿತ್ತು. ಅದರ ಮಾರನೇ ವಾರ ಬೋರ್‌ವೆಲ್ ಪಂಪಿನ ಮೇಲಿತ್ತು. ಕೊನೆಗೆ ಬೀದಿಯ ತುದಿಯ ಅಂಗಡಿಯಲ್ಲಿತ್ತು. ಅವನು ಬೈಯುತ್ತ ಬೈಯುತ್ತ ನಡೆಯಲು ಕಲಿತ. ಸ್ವಲ್ಪ ಕುಂಟುತ್ತಿದ್ದ. ಏಣಿಯ ಹತ್ತಿರ ಮಾತ್ರ ಹೋಗುತ್ತಿರಲಿಲ್ಲ. ಏಣಿ ಕಂಡರೆ ಬೇರೆ ದಾರಿಯಲ್ಲಿ ಹೋಗುತ್ತಿದ್ದ.

ಇಲ್ಲಿ ಶಿಷ್ಯ ನಕ್ಕ. "ಒಳ್ಳೆಯ ತಂಗಿ" ಎಂದ.

"ಕಾಳು ಸಿಪ್ಪೆಯಲ್ಲಿ ಹಾಕಬೇಡ" ಎಂದರು ಗುರುಗಳು. ಕತೆ ಮುಂದುವರಿಸಿದರು.

ಮಾರನೇ ವರ್ಷ ಗಂಗಿಯ ಮದುವೆ ಗೊತ್ತಾಯಿತು. ಗಂಡು ಎಂಟು ಮೈಲಿ ಆಚೆಯ ಊರಿನವನು. ಆಗ ಶಾಮಿಯಾನದವನಿಗೆ ಒಂದು ಯೋಚನೆ ಹತ್ತಿತು. ಊರಿನಲ್ಲಿ ಮಿಠಾಯಿ ಹಂಚಿದವನಿಗೂ ಮೈಕಿನಲ್ಲಿ ವಂದನೆ ಸಲ್ಲುತ್ತದೆ. ಹೂಗುಚ್ಛ ತಂದವನಿಗೂ ಸಲ್ಲುತ್ತದೆ. ಕರೆಂಟು ತೆಗೆಯದೆ ಇದ್ದವರಿಗೂ ಸಲ್ಲುತ್ತದೆ. ನನ್ನನ್ನು ಮಂಚದಿಂದ ಎಬ್ಬಿಸಿದವರಿಗೆ ನಾನು ಒಂದು ದಿನವೂ ಒಂದು ಮಾತು ಹೇಳಲಿಲ್ಲ. ಗಂಗಿ ಗಂಡನ ಮನೆಗೆ ಹೊರಟರೆ ಐದು ಜನ ಮತ್ತೆ ಹೀಗೆ ಒಂದೇ ಸೂರಿನಡಿ ಇರುವುದಿಲ್ಲ. ಅಷ್ಟರೊಳಗೆ ಹೇಳಲೇಬೇಕು.

ಹೀಗೆಂದು ತೀರ್ಮಾನ ಮಾಡಿ, ಮೊದಲು ಹೆಂಡತಿಯಿಂದ ಶುರು ಮಾಡಿದ. ಬೆಳಿಗ್ಗೆ ಹಾಲಮ್ಮ ಚಹಾ ತಂದಿಟ್ಟಳು. ಅವನು ಎದ್ದು ನಿಂತ. ಕೈ ಮುಗಿದ.

"ಹಾಲಮ್ಮಾ, ನಿನಗೆ ನನ್ನ ಹೃತ್ಪೂರ್ವಕ ವಂದನೆಗಳು."

ಹಾಲಮ್ಮನ ಕೈಯಿಂದ ತಟ್ಟೆ ಬಿತ್ತು.

"ರೀ, ಡಾಕ್ಟರು ಏನಂದ್ರು?"

"ಏನೂ ಅನ್ನಲಿಲ್ಲ ಕಣೇ."

"ಏನೂ ಅನ್ನದಷ್ಟು ಆಗಿದೆಯಾ?"

ಅವಳು ಅಳುತ್ತ ಅತ್ತೆಯ ಹತ್ತಿರ ಓಡಿದಳು. ಅವ್ವ ಒಂದು ಹಿಡಿ ಉಪ್ಪು, ಮೂರು ಮೆಣಸಿನಕಾಯಿ ತಂದು ಅವನಿಗೆ ದೃಷ್ಟಿ ತೆಗೆದು ಒಲೆಗೆ ಹಾಕಿದಳು. ಮೆಣಸಿನಕಾಯಿ ಘಾಟು ಬರಲಿಲ್ಲ. ಘಾಟು ಬಾರದಿದ್ದರೆ ದೃಷ್ಟಿ ದೊಡ್ಡದು ಎಂದರ್ಥ. ಮತ್ತೆ ಆರು ಮೆಣಸಿನಕಾಯಿ ಹಾಕಿದಳು. ಈ ಸಲ ಘಾಟು ಬಂತು. ಇಡೀ ಬೀದಿ ಕೆಮ್ಮಿತು.

ಅವನು ಬಿಡಲಿಲ್ಲ. ಸಂಜೆ ತಮ್ಮನನ್ನು ಹಿಡಿದ.

"ತಿಪ್ಪೇಶೀ, ಇಷ್ಟು ವರ್ಷ ನನ್ನ ಜೊತೆ ಇದ್ದು ಸಹಕರಿಸಿದ್ದಕ್ಕೆ..."

ತಿಪ್ಪೇಶಿಯ ಮುಖ ಸಣ್ಣದಾಯಿತು. "ಇಷ್ಟು ವರ್ಷ ಅಂದ್ರೆ? ಪಾಲು ಮಾಡ್ತೀಯಾ ಅಣ್ಣಾ? ನಾನೇನು ತಪ್ಪು ಮಾಡ್ದೆ? ಶಾಮಿಯಾನ ವಾಲಿದ್ದಕ್ಕಾ?"

"ಅಯ್ಯೋ, ಪಾಲಲ್ಲವೋ..."

"ಬಟ್ಟೆ ಹರಿದು ಇಬ್ಬರೂ ಅರ್ಧರ್ಧ ತಗೊಂಡರೆ ಯಾರಿಗೆ ನೆರಳಾಗುತ್ತೆ?" ಎಂದು ತಿಪ್ಪೇಶಿ ಊಟ ಬಿಟ್ಟು ಮಲಗಿದ.

ಅವ್ವನ ಬಳಿ ಹೋಗುವಷ್ಟರಲ್ಲಿ ಅವ್ವನೇ ಸೌಟು ಹಿಡಿದು ನಿಂತಿದ್ದಳು. "ನನಗೂ ವಂದನೆ ಹೇಳೋಕೆ ಬಂದ್ಯಾ? ಹೇಳು ನೋಡೋಣ. ಇನ್ನೂ ಬದುಕಿದ್ದೀನಿ ಕಣೋ ನಾನು!" ಅಂದಳು. ಅವನು ಬಾಯಿ ಮುಚ್ಚಿಕೊಂಡು ಹಿಂದಕ್ಕೆ ಬಂದ. ಗಂಗಿಯ ಹತ್ತಿರ ಹೋಗಲು ಧೈರ್ಯವೇ ಬರಲಿಲ್ಲ.

ಆಮೇಲೆ ಅವನಿಗೆ ಹೊಳೆಯಿತು. ತಪ್ಪು ತನ್ನ ಮಾತಿನಲ್ಲಿಲ್ಲ, ಜಾಗದಲ್ಲಿದೆ. ಒಲೆಯ ಮುಂದೆ ಯಾರಾದರೂ ವಂದನಾರ್ಪಣೆ ಮಾಡುತ್ತಾರೆಯೇ? ಅದಕ್ಕೆ ಮೈಕ್ ಬೇಕು, ಸಭೆ ಬೇಕು. ಮದುವೆಯ ದಿನ ಹೇಳುತ್ತೇನೆ ಎಂದುಕೊಂಡ. ಮನೆಯಲ್ಲಿ ಯಾರಿಗೂ ಹೇಳಲಿಲ್ಲ. ಹೇಳಿದರೆ ಮತ್ತೆ ಮೆಣಸಿನಕಾಯಿ.

ಮದುವೆ ಮನೆಯ ಮುಂದೆಯೇ. ತಿಪ್ಪೇಶಿ ಕಣ್ಣು ಮುಚ್ಚಿಕೊಂಡು ಹತ್ತಿ ಶಾಮಿಯಾನ ಕಟ್ಟಿದ. ಮೂರು ಝಾಲರಿ. ಅಧ್ಯಕ್ಷರಿಗೂ ಇಲ್ಲದ್ದು ತಂಗಿಗೆ ಇರಲಿ ಅಂದ. ಧಾರೆಯಾಯಿತು. ಮಧ್ಯಾಹ್ನ ಮೊದಲ ಪಂಕ್ತಿ ಕೂತಿತು. ಬೀಗರ ಕಡೆಯವರೆಲ್ಲ ಆ ಪಂಕ್ತಿಯಲ್ಲಿದ್ದರು. ಎಲೆಯ ತುದಿಗೆ ಉಪ್ಪಿನಕಾಯಿ ಬಂತು, ಕೋಸಂಬರಿ ಬಂತು, ಪಲ್ಯ ಬಂತು, ಪಾಯಸ ಬಂತು. ಹಪ್ಪಳ ಬರುವುದಿತ್ತು. ಮದುಮಕ್ಕಳು ಒಂದು ಮೂಲೆಯ ಕಂಬದ ಪಕ್ಕದಲ್ಲಿ ಕುರ್ಚಿಯ ಮೇಲೆ ಕೂತಿದ್ದರು. ಇನ್ನೊಂದು ಮೂಲೆಯಲ್ಲಿ ತಿಪ್ಪೇಶಿ ಕಂಬಕ್ಕೆ ಒರಗಿ ತೂಕಡಿಸುತ್ತಿದ್ದ. ಮೂರನೆಯದರಲ್ಲಿ ಅವ್ವ ಪಾತ್ರೆ ಕಾಯುತ್ತಿದ್ದಳು. ನಾಲ್ಕನೆಯದರಲ್ಲಿ ಹಾಲಮ್ಮ ನೀರಿನ ಕೊಳಗದ ಹತ್ತಿರ ನಿಂತಿದ್ದಳು.

ಶಾಮಿಯಾನದವನು ನಡುಗಂಬದ ಹತ್ತಿರ ಹೋಗಿ ಮೈಕ್ ಹಿಡಿದ. ಸಾವಿರ ಸಭೆಗೆ ಮೈಕ್ ಕೊಟ್ಟವನು, ಒಂದು ಸಲವೂ ಅದರಲ್ಲಿ ಮಾತಾಡಿದವನಲ್ಲ. ಆದರೆ ಸಾವಿರ ವಂದನಾರ್ಪಣೆ ಕೇಳಿದ್ದ. ಅವು ಹೇಗೆ ಶುರುವಾಗುತ್ತವೆ ಎಂದು ಚೆನ್ನಾಗಿ ಗೊತ್ತಿತ್ತು.

"ಕೊನೆಯದಾಗಿ..." ಎಂದ.

ತಿಪ್ಪೇಶಿ ಕಣ್ಣು ಬಿಟ್ಟ.

"ಹೃತ್ಪೂರ್ವಕವಾಗಿ..." ಎಂದ.

ಅವ್ವ ಸೌಟು ಕೆಳಗಿಟ್ಟಳು. ಹಾಲಮ್ಮ ಸೆರಗು ಸಿಕ್ಕಿಸಿದಳು.

"ನನ್ನ ಮನೆಯವರಿಗೆ ವಂದನೆಗಳು!"

ಕಿವಿಯಿಂದ ಕೈಗೆ ಅವರಲ್ಲಿ ನೇರ ದಾರಿಯಿತ್ತು. ನಡುವೆ ತಲೆ ಬರುತ್ತಿರಲಿಲ್ಲ. ತಿಪ್ಪೇಶಿ ಗಂಟು ಎಳೆದ. ಅವ್ವ ಗಂಟು ಎಳೆದಳು. ಹಾಲಮ್ಮ ಗಂಟು ಎಳೆದಳು. ಮದುಮಗಳು ಗಂಗಿ, ಮೆಹೆಂದಿ ಹಚ್ಚಿದ ಕೈ ಚಾಚಿ, ಪಕ್ಕದ ಕಂಬದ ಗಂಟನ್ನು ಎಳೆದಳು.

ಶಾಮಿಯಾನ ಪಾಯಸದ ಮೇಲೆ ಬಂದು ಕೂತಿತು.

ಬಟ್ಟೆಯ ಅಡಿಯಲ್ಲಿ ನೂರು ತಲೆಗಳು ಮಾತ್ರ ಆಲೂಗಡ್ಡೆಯ ಹಾಗೆ ಎದ್ದು ಕಾಣುತ್ತಿದ್ದವು. ಆಮೇಲೆ ಒಳಗಿನಿಂದ ವರನ ಚಿಕ್ಕಪ್ಪನ ದನಿ ಕೇಳಿತು.

"ಏನ್ರೀ ಇದು? ಹಪ್ಪಳವೇ ಬಂದಿಲ್ಲ, ಆಗಲೇ ಮನೆಗೆ ಕಳಿಸ್ತೀರಾ?"

"ಏಳ್ರೋ! ಎಲೆ ಬಿಟ್ಟು ಏಳಿ!" ಎಂದಿತು ಇನ್ನೊಂದು ತಲೆ.

ಬೀಗರು ಉಣ್ಣುವ ಎಲೆ ಬಿಟ್ಟು ಎದ್ದರೆ ಆ ಮಾತು ಮುಗಿಯುವುದಿಲ್ಲ. ಗಂಗಿ ಬದುಕಿರುವ ತನಕ ಅದನ್ನು ಗಂಡನ ಮನೆಯಲ್ಲಿ ಕೇಳಬೇಕಾಗುತ್ತದೆ. ಒಂದೇ ಒಂದು ಒಳ್ಳೆಯ ಮಾತು ಹೇಳಲು ಹೋಗಿ ತಂಗಿಯ ಸಂಸಾರವನ್ನೇ ಮಡಚಿಟ್ಟೆನೇ ಎಂದುಕೊಂಡ ಶಾಮಿಯಾನದವನು.

ಅಷ್ಟರಲ್ಲಿ ಬಟ್ಟೆ ಮೇಲೆದ್ದಿತು.

ನಾಲ್ಕು ಮೂಲೆಯಲ್ಲಿ ನಾಲ್ಕು ಕಂಬ ಎದ್ದು ನಿಂತವು. ಹಗ್ಗಗಳು ಎಲೆಗಳ ನಡುವೆ ಸಿಕ್ಕಿಕೊಂಡಿದ್ದವು. ಅವನ್ನು ಎಳೆದು ಮತ್ತೆ ಕಟ್ಟಬೇಕಾದರೆ ಉಣ್ಣುವವರನ್ನು ಎಬ್ಬಿಸಬೇಕು. ಆದ್ದರಿಂದ ಒಬ್ಬೊಬ್ಬರು ಒಂದೊಂದು ಕಂಬವನ್ನು ತಬ್ಬಿ ಹಿಡಿದರು. ಒಂದು ಕಡೆ ತಿಪ್ಪೇಶಿ, ಒಂದು ಕಡೆ ಹಾಲಮ್ಮ. ಒಂದು ಕಡೆ ಎಪ್ಪತ್ತರ ಅವ್ವ. ಇನ್ನೊಂದು ಕಡೆ ಧಾರೆ ಸೀರೆಯಲ್ಲಿ ಗಂಗಿ. ಯಾರೂ ಯಾರಿಗೂ ಹೇಳಲಿಲ್ಲ. ಹೇಳುವಷ್ಟು ಹೊತ್ತೂ ಇರಲಿಲ್ಲ.

"ಕೂತ್ಕೊಳ್ಳಿ ಮಾವ, ಹಪ್ಪಳ ಬರ್ತಾ ಇದೆ" ಎಂದಳು ಗಂಗಿ, ಕಂಬದ ಹಿಂದಿನಿಂದ.

ವರನ ಚಿಕ್ಕಪ್ಪ ಮದುಮಗಳನ್ನು ನೋಡಿದ. ಕಂಬವನ್ನು ನೋಡಿದ. ತನ್ನ ತಲೆಯ ಮೇಲಿನ ಪಾಯಸದ ಶ್ಯಾವಿಗೆ ತೆಗೆದು ಎಲೆಯ ಅಂಚಿಗೆ ಇಟ್ಟ. "ಹಪ್ಪಳ ಎರಡು ಹಾಕಬೇಕು" ಎಂದು ಕೂತ. ಅವನು ಕೂತ ಮೇಲೆ ಎಲ್ಲರೂ ಕೂತರು. ಯಾರೋ ನಕ್ಕರು. ಆಮೇಲೆ ಪಂಕ್ತಿಗೆ ಪಂಕ್ತಿಯೇ ನಕ್ಕಿತು.

ಮದುಮಗ ಎದ್ದು ಬಂದ. "ನಾನು ಹಿಡೀಲಾ?" ಎಂದು ಮೆಲ್ಲಗೆ ಕೇಳಿದ.

"ಬೇಡ, ಇದು ನಮ್ಮನೆ ಕೆಲಸ" ಎಂದಳು ಗಂಗಿ. ಒಂದು ಗಳಿಗೆ ಯೋಚಿಸಿದಳು. "ಬನ್ನಿ ಬನ್ನಿ. ಇವತ್ತಿನಿಂದ ಅರ್ಧ ಕಂಬ ನಿಮ್ಮದು."

ಶಾಮಿಯಾನದವನು ನಡುಗಂಬದ ಹತ್ತಿರವೇ ನಿಂತಿದ್ದ. ಮೈಕ್ ಇನ್ನೂ ಕೈಯಲ್ಲಿತ್ತು. ಅದು ಇನ್ನೂ ಆನ್ ಆಗಿತ್ತು. ಅವ್ವನ ತೋಳು ನಡುಗುವುದು ಅವನಿಗೆ ಕಂಡಿತು.

"ಅವ್ವಾ, ಕೈ ನೋಯ್ತಾ?" ಎಂದ. ಇಡೀ ಬೀದಿಗೆ ಕೇಳಿತು.

ಅವ್ವ ಮೈಕ್ ಇಲ್ಲದೆಯೇ ಅಷ್ಟು ಜೋರಾಗಿ ಹೇಳಿದಳು. "ಇದೇನು ಹೊಸದೇನೋ? ನಿನ್ನ ಮದುವೇಲಿ ಗಾಳಿ ಬಂದು ಗೂಟ ಕಿತ್ಹೋಗಿತ್ತು. ಹೀಗೇ ಹಿಡ್ಕೊಂಡಿದ್ವಿ, ನಾನು, ತಿಪ್ಪ, ಗಂಗಿ. ಮೂರು ಪಂಕ್ತಿ ಮುಗಿಯೋ ತನಕ."

"ನನಗೆ ಗೊತ್ತೇ ಇಲ್ವಲ್ಲ!"

"ನಿನಗೆಲ್ಲಿ ಗೊತ್ತಾಗುತ್ತೆ? ನೀನು ಹೆಂಡತಿ ಮುಖ ನೋಡ್ತಾ ಕೂತಿದ್ದೆ!"

ಪಂಕ್ತಿ ಮತ್ತೆ ನಕ್ಕಿತು. ನೀರಿನ ಕೊಳಗದ ಹತ್ತಿರ ಹಾಲಮ್ಮ ನಾಚಿ ಕಂಬದ ಹಿಂದೆ ಮುಖ ಮುಚ್ಚಿಕೊಂಡಳು. ಕಂಬ ಅಷ್ಟು ದಪ್ಪ ಇರಲಿಲ್ಲ.

ಶಾಮಿಯಾನದವನು ನಗಲಿಲ್ಲ. ಹದಿನಾಲ್ಕು ವರ್ಷದ ಹಿಂದಿನ ಆ ಮಧ್ಯಾಹ್ನ ಅವನಿಗೆ ನೆನಪಿತ್ತು. ಒಳ್ಳೆಯ ನೆರಳಿತ್ತು. ನೆರಳು ಎಲ್ಲಿಂದ ಬಂತು ಎಂದು ಆಗ ತಲೆ ಎತ್ತಿ ನೋಡಿರಲಿಲ್ಲ. ಆಗ ಗಂಗಿಗೆ ಎಂಟು ವರ್ಷ. ಎಂಟು ವರ್ಷದ ಕೈ ಎಷ್ಟು ಕಂಬ ಹಿಡಿದೀತು?

ಅವನು ಮೈಕ್ ಆರಿಸಿ ಕೆಳಗಿಟ್ಟ. ಕುಂಟುತ್ತ ಅವ್ವನ ಮೂಲೆಗೆ ಹೋದ.

"ಬಿಡವ್ವಾ. ನೀನು ಉಣ್ಣು ಹೋಗು."

ಅವ್ವ ಅನುಮಾನದಿಂದ ನೋಡಿದಳು. "ಮತ್ತೇನಾದ್ರೂ ಹೇಳ್ತೀಯಾ?"

"ಇಲ್ಲ."

"ಹಾಗಾದ್ರೆ ಹಿಡ್ಕೋ."

ಅವ್ವ ಉಂಡು ಬಂದಳು. ಸೊಂಟದ ಮೇಲೆ ಕೈಯಿಟ್ಟು, ನಾನು ಮತ್ತೆ ಹಿಡೀತೀನಿ ಅಂದಳು. ಅವಳಿಗೆ ಕಂಬ ಕೊಟ್ಟು ತಮ್ಮನ ಮೂಲೆಗೆ ಹೋದ.

"ಅಣ್ಣಾ, ಆ ಪಾಲಿನ ವಿಚಾರ..." ಎಂದ ತಿಪ್ಪೇಶಿ.

"ನಿನ್ನ ಪಾಲಿನ ಪಾಯಸ ಅಲ್ಲಿದೆ. ಆರೋದಕ್ಕೆ ಮುಂಚೆ ಹೋಗು."

ತಿಪ್ಪೇಶಿ ಹೋಗಿ ಮೂರು ಸಲ ಹಾಕಿಸಿಕೊಂಡ. ಎಂಟು ದಿನದಿಂದ ಅವನು ಸರಿಯಾಗಿ ಉಂಡಿರಲಿಲ್ಲ. ಹಾಲಮ್ಮನ ಕಂಬಕ್ಕೆ ಬಂದಾಗ ಅವಳು ಏನೂ ಕೇಳಲಿಲ್ಲ. ಸೆರಗಿನಿಂದ ಅವನ ಹಣೆಯ ಬೆವರು ಒರೆಸಿದಳು. ಅವನ ಕಿವಿಯ ಹತ್ತಿರ ಬಾಗಿ, "ಹಲೋ ಹಲೋ, ಕಾಲು ನೋಯ್ತಾ ಇದೆಯೋ ಇಲ್ವೋ?" ಅಂದಳು. ನೋಯುತ್ತಿದೆ ಎಂದ. ನೋಯಲಿ, ಉಂಡು ಬರ್ತೀನಿ ಎಂದು ಹೋದಳು.

ಗಂಗಿಯ ಕಂಬಕ್ಕೆ ಕೊನೆಯಲ್ಲಿ ಹೋದ. ಮದುಮಗ ಪಕ್ಕಕ್ಕೆ ಸರಿದು ಜಾಗ ಬಿಟ್ಟ. ಅಣ್ಣ ತಂಗಿ ಇಬ್ಬರೂ ಕಂಬದ ಆಚೆ ಈಚೆ ನಿಂತರು. ಅವನು ಏನೋ ಹೇಳಲು ಬಾಯಿ ತೆರೆದ.

"ಅಣ್ಣಾ, ಬಾಯಿ ಮುಚ್ಚು" ಎಂದಳು ಗಂಗಿ. "ಊಟ ಇನ್ನೂ ಒಂದು ಪಂಕ್ತಿ ಇದೆ."

ಒಂದು ಪಂಕ್ತಿ ಏಳುವ ಮೊದಲೇ ಇನ್ನೊಂದು ಬಂದು ಕೂರುತ್ತಿತ್ತು, ಹಗ್ಗ ಕಟ್ಟಲು ಹೊತ್ತೇ ಸಿಗಲಿಲ್ಲ. ಮೂರೂ ಪಂಕ್ತಿ ಮುಗಿದವು. ಇನ್ನೂ ಬಿಸಿಲಿರುವಾಗಲೇ ಮದುಮಕ್ಕಳ ವ್ಯಾನು ಹೊರಟಿತು. ಎಲ್ಲರೂ ಅತ್ತರು, ಎಲ್ಲರೂ ನಕ್ಕರು. ವರನ ಚಿಕ್ಕಪ್ಪ, ಇಂಥ ಊಟ ಎಲ್ಲೂ ಮಾಡಿರಲಿಲ್ಲ ಎಂದು ಕೈ ಹಿಡಿದು ಹೇಳಿದ. ನಿಜವನ್ನೇ ಹೇಳಿದ. ವ್ಯಾನು ಬೀದಿಯ ತಿರುವು ತಲುಪಿತು. ಶಾಮಿಯಾನದವನು ಸಮಾಧಾನಕ್ಕೆ ಒಂದು ಎಲೆ ಹಾಕೋಣವೆಂದು ಸೊಂಟಕ್ಕೆ ಕೈ ಹಾಕಿದ. ಚಂಚಿ ಇರಲಿಲ್ಲ.

ದೂರದಲ್ಲಿ ವ್ಯಾನಿನ ಕಿಟಕಿಯಿಂದ ಮೆಹೆಂದಿ ಹಚ್ಚಿದ ಒಂದು ಕೈ ಹೊರಗೆ ಬಂತು. ಆ ಕೈಯಲ್ಲಿ ಚಂಚಿ ಆಡುತ್ತಿತ್ತು.

"ಬೇಕಾದ್ರೆ ನಡ್ಕೊಂಡು ಬಾ!" ಎಂದು ಕೂಗು ಕೇಳಿತು.

ಗುರುಗಳು ಕತೆ ನಿಲ್ಲಿಸಿ ಕಾಳಿನ ತಟ್ಟೆಯನ್ನು ಅಲ್ಲಾಡಿಸಿದರು.

"ಹೋದನೇ?" ಎಂದು ಶಿಷ್ಯ ಕೇಳಿದ.

"ಎಲೆಯಡಿಕೆ ಇಲ್ಲದೆ ಎಷ್ಟು ದಿನ ಇದ್ದಾನು? ನಾಲ್ಕನೇ ದಿನ ಬೆಳಿಗ್ಗೆ ಬೈಯುತ್ತ ಹೊರಟ. ಎಂಟು ಮೈಲಿ."

"ಅಲ್ಲಾದರೂ ಅವಳಿಗೆ ಹೇಳಿದನೇ?"

"ಹೇಳುವುದಕ್ಕೆ ಪುರುಸೊತ್ತು ಎಲ್ಲಿ? ಅವಳು ಚಂಚಿಯನ್ನು ಅಟ್ಟದ ಮೇಲೆ ಇಟ್ಟು, ಅಟ್ಟಕ್ಕೆ ಏಣಿ ಹಾಕಿದ್ದಳು."

ಶಿಷ್ಯ ಜೋರಾಗಿ ನಕ್ಕ. ನಗುತ್ತ ನಗುತ್ತ ಹನ್ನೊಂದು ಹಾಳೆಗಳ ಕಡೆ ನೋಡಿದ. ನಗು ನಿಂತಿತು.

"ಆದರೂ ಗುರುಗಳೇ, ಇಷ್ಟೆಲ್ಲ ಬರೆದಿದ್ದೇನೆ. ನನ್ನ ಮನೆಯವರು ಮಾಡಿದ್ದು ಸಣ್ಣದಲ್ಲ. ಇವತ್ತೊಂದು ದಿನ ಎಲ್ಲರೂ ಒಟ್ಟಿಗೆ ಇರುತ್ತಾರೆ. ಎಲ್ಲವನ್ನೂ ಒಂದೇ ಸಲ ಹೇಳಿ ಮುಗಿಸಿಬಿಟ್ಟರೆ..."

ದೂರದ ತಿರುವಿನಲ್ಲಿ ಹತ್ತು ಗಂಟೆಯ ಬಸ್ಸಿನ ಹಾರ್ನ್ ಕೇಳಿತು. ಅದರ ಕಿಟಕಿಯಿಂದ ಮಾವನ ಕೊಡೆ ಹೊರಗೆ ಚಾಚಿಕೊಂಡು ಅಲ್ಲಾಡುತ್ತಿತ್ತು.

ಗುರುಗಳು ಸಿಪ್ಪೆಯ ಬುಟ್ಟಿಯನ್ನು ಶಿಷ್ಯನ ಕೈಗೆ ಕೊಟ್ಟು ಎದ್ದರು.

"ಅವರು ಇನ್ನೂ ಬಸ್ಸಿನಿಂದ ಇಳಿದೇ ಇಲ್ಲ, ನಿನಗೆ ಆಗಲೇ ಮುಗಿಸುವ ಅವಸರವೇ?"